ನಮ್ಮನೇಲಿ ಏನು ಕಮ್ಮಿ?

ಮನುಷ್ಯನಿಗೆ ಕೊನೆಗೆ ಬೇಕಾಗುವುದು ಆರಡಿ ಮೂರಡಿ ಜಾಗ ಅಷ್ಟೇ ಎಂದು ವೈರಾಗ್ಯದ ಮಾತಾಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನೂ ಆಡಿದ್ದೇನೆ. ಸಾವಿನ ಮನೆಯಲ್ಲಿ ಪಕ್ಕದ ಮನೆಯಿಂದ ಕಾಫಿ ಬರುವವರೆಗೆ ಹೊತ್ತು ಹೋಗಬೇಕಲ್ಲ. ಆದರೆ ಅದು ಮಲಗುವವರ ಲೆಕ್ಕ. ಇನ್ನೂ ಮಲಗದೆ ಸುಮ್ಮನೆ ಕೂತಿರುವವರಿಗೆ ಎಷ್ಟು ಜಾಗ ಬೇಕು, ಅದು ಬೆಳಿಗ್ಗೆಯಿಂದ ಸಂಜೆವರೆಗೆ ಎಲ್ಲಿ ಸಿಗಬೇಕು ಎಂದು ಯಾವ ಜ್ಞಾನಿಯೂ ಹೇಳಿದ್ದನ್ನು ನಾನು ಕೇಳಿಲ್ಲ. ರಿಟೈರ್ ಆಗುವವರೆಗೆ ನನಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ನಾನು ಅಂಗನವಾಡಿ ಟೀಚರ್ ಆಗಿದ್ದವಳು. ಊರವರ ಮಕ್ಕಳನ್ನೆಲ್ಲ "ಕೂತ್ಕೋ, ಕೂತ್ಕೋ" ಎಂದು ಗದರಿಸಿ ಕೂರಿಸುವುದೇ ನನ್ನ ಉದ್ಯೋಗವಾಗಿತ್ತು. ಈಗ ನಾನು ಕೂರೋಣವೆಂದರೆ, "ಏಳಿ" ಎಂದು ಬಾಯಿ ಬಿಟ್ಟು ಹೇಳದೆಯೇ ಏಳಿಸುವ ಕಲೆಯೊಂದು ಪ್ರಪಂಚದಲ್ಲಿದೆ ಎಂದು ಗೊತ್ತಾಗಿದೆ.

ಹಾಗೆಂದು ನಮ್ಮ ಮನೆಯಲ್ಲಿ ಏನೋ ಕಮ್ಮಿಯಿದೆ ಎಂದು ಯಾರೂ ತಿಳಿಯಬಾರದು. ಸೊಸೆ ಶ್ವೇತ ಮುಂದಿನ ರೂಮಿನಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ, ಚೆನ್ನಾಗಿ ನಡೆಯುತ್ತದೆ. ಹುಬ್ಬು ತೀಡಿಸಿಕೊಳ್ಳಲು ಬಂದ ಹುಡುಗಿಯರ ಎದುರಿಗೆ ನಾನು ಕೂತಿದ್ದರೆ ಬಾಯಿ ಸುಮ್ಮನಿರುವುದಿಲ್ಲ. "ನಿನ್ನ ಹುಬ್ಬು ಚೆನ್ನಾಗೇ ಇತ್ತಲ್ಲಮ್ಮ, ಯಾಕೆ ಕೀಳಿಸ್ತೀಯ?" ಎಂದು ಒಬ್ಬಳನ್ನು ಕೇಳಿದೆ. ಅವಳು ಮತ್ತೆ ಬರಲಿಲ್ಲ. ಶ್ವೇತ ಒಂದು ಮಾತೂ ಆಡಲಿಲ್ಲ. ಮಾರನೆಯ ದಿನ ನನ್ನ ಪ್ಲಾಸ್ಟಿಕ್ ಕುರ್ಚಿ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇತ್ತು. ಹಿತ್ತಿಲಲ್ಲಿ ಗಾಳಿ ಚೆನ್ನಾಗಿ ಬರುತ್ತದೆ, ಬಿಸಿಲೂ ಚೆನ್ನಾಗಿಯೇ ಬರುತ್ತದೆ. ಅದಿರಲಿ, ನಾನು ಹೇಳಹೊರಟಿದ್ದು ಚೌಡಕ್ಕನ ವಿಷಯ.

ನಮ್ಮದು ದೊಡ್ಡಬಳ್ಳಾಪುರದ ಕಡೆಯ ಮಗ್ಗದ ಊರು. ನಮ್ಮ ಬೀದಿಯಲ್ಲಿ ಮನೆಯೊಳಗೆ ಮಗ್ಗ ಇದೆ ಅನ್ನುವುದಕ್ಕಿಂತ ಮಗ್ಗದ ಸುತ್ತ ಮನೆ ಇದೆ ಅನ್ನುವುದು ಸರಿ. ಪವರ್‌ಲೂಮು ಶುರುವಾದರೆ ಗೋಡೆಗೆ ಒರಗಿಸಿಟ್ಟ ತಟ್ಟೆಯೂ ಕುಣಿಯುತ್ತದೆ. ಆ ಸದ್ದಿನಲ್ಲಿ ಹುಟ್ಟಿ ಬೆಳೆದ ನಮಗೆ ಮೆಲ್ಲಗೆ ಮಾತಾಡುವುದು ಬರುವುದಿಲ್ಲ. ಗುಟ್ಟನ್ನೂ ಕೂಗಿಯೇ ಹೇಳುತ್ತೇವೆ. ಸದ್ದಿನೊಳಗೆ ಅದು ಗುಟ್ಟಾಗಿಯೇ ಉಳಿಯುತ್ತದೆ, ಕರೆಂಟು ಹೋಗದಿದ್ದರೆ. ಕರೆಂಟು ಹೋದರೆ ಬೀದಿಯ ಮಗ್ಗಗಳೆಲ್ಲ ಒಂದೇ ಸಲ ನಿಲ್ಲುತ್ತವೆ, ಆ ಕ್ಷಣದಲ್ಲಿ ಯಾರ ಬಾಯಲ್ಲಿ ಯಾವ ಮಾತಿತ್ತೋ ಅದು ಬೀದಿಗೆಲ್ಲ ಪ್ರಸಾರವಾಗುತ್ತದೆ. "ಆ ಹುಡುಗಿ ನಮ್ಮ ಹುಡುಗನಿಗೆ ಸಾಟಿಯಲ್ಲ ಬಿಡು" ಎಂಬ ಮಾತು ಹೀಗೆ ಹೊರಬಿದ್ದು ಒಂದು ಮದುವೆಯೇ ಮುರಿದದ್ದುಂಟು. ಅದಕ್ಕೇ ನಮ್ಮ ಹಿರಿಯರು, ಮೋಡ ಕಟ್ಟಿದ ದಿನ ಚಾಡಿ ಹೇಳಬೇಡಿ ಅನ್ನುತ್ತಿದ್ದರು.

ಚೌಡಕ್ಕನ ಮನೆ ನಮ್ಮ ಮನೆಯಿಂದ ನಾಲ್ಕನೆಯದು. ಗಂಡ ಹೋಗಿ ಬಹಳ ವರ್ಷವಾಯಿತು. ಮಗ ಮಂಜ, ಸೊಸೆ ಪುಷ್ಪ, ಇಬ್ಬರು ಮೊಮ್ಮಕ್ಕಳು, ಎರಡು ಮಗ್ಗ. ಇಷ್ಟೂ ಒಂದು ಹಜಾರ, ಒಂದು ಅಡುಗೆಮನೆಯಲ್ಲಿ. ಚೌಡಕ್ಕನ ಕೈ ಆಡುತ್ತಿದ್ದಾಗ ಅವಳ ಜಾಗ ಮಗ್ಗದ ಮುಂದೆಯೇ ಇತ್ತು. ಸೀರೆ ನೇಯ್ದಳು, ಅದಾಗದಾದಾಗ ಮೂಲೆಯಲ್ಲಿ ಕೂತು ಲಾಳಿಗೆ ನೂಲು ಸುತ್ತಿಕೊಟ್ಟಳು. ಆಮೇಲೆ ಕಣ್ಣು ಮಂಜಾಗಿ ಎಳೆ ಕಾಣದಾಯಿತು. ನೂಲು ಸುತ್ತುವ ಮೆಷೀನು ಬಂತು, ಮೂಲೆಯಲ್ಲಿ ಅದನ್ನಿಟ್ಟರು. ಯಾರೂ ಅವಳನ್ನು ಏಳು ಎನ್ನಲಿಲ್ಲ. ಪುಷ್ಪ ಒಳ್ಳೆಯ ಹುಡುಗಿ, ಅತ್ತೆಗೆ ಬಿಸಿ ಮುದ್ದೆ ಇಕ್ಕದೆ ತಾನು ಉಣ್ಣದವಳು. ಆದರೆ ಮಗ್ಗ ಓಡುವಾಗ ಆ ಹಜಾರದಲ್ಲಿ ಒಬ್ಬ ಮುದುಕಿ ಕಾಲು ನೀಡಿ ಕೂರಲು ಸಾಧ್ಯವಿರಲಿಲ್ಲ. ಹಿಂದೆಲ್ಲ ಇಂಥವರಿಗೆ ಅರಳಿಕಟ್ಟೆಯಿತ್ತು. ರಸ್ತೆ ಅಗಲವಾಯಿತು, ಕಟ್ಟೆ ಹೋಯಿತು. ಗಂಡಸರು ಬಸ್ ಸ್ಟ್ಯಾಂಡಿನ ಬೆಂಚಿಗೆ ಹೋದರು. ಚೌಡಕ್ಕ ಎಲ್ಲಿಗೆ ಹೋಗುತ್ತಾಳೆಂದು ನಾನು ವಿಚಾರಿಸಿರಲಿಲ್ಲ.

ನಾನು ಕಣ್ಣು ತೋರಿಸಲು ಯಲಹಂಕಕ್ಕೆ ಹೊರಟ ದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳಿದ್ದಳು. ತೊಡೆಯ ಮೇಲೆ ಟಿಫನ್ ಡಬ್ಬಿ, ಕೈಯಲ್ಲಿ ಆಧಾರ್ ಕಾರ್ಡು. "ಎಲ್ಲಿಗೆ ಚೌಡಕ್ಕ?" ಅಂದೆ. "ಇಲ್ಲೇ ಕಣಮ್ಮ" ಅಂದಳು. ನಾನು ಕಣ್ಣು ತೋರಿಸಿ, ಮಾತ್ರೆ ಕೊಂಡು ವಾಪಸ್ ಬಸ್ಸು ಹತ್ತಿದರೆ ಅದೇ ಕಿಟಕಿ, ಅದೇ ಡಬ್ಬಿ, ಅದೇ ಚೌಡಕ್ಕ. ಕಂಡಕ್ಟರು ಬಂದು, "ಅಜ್ಜಿ, ಈ ಸಲ ಎಲ್ಲಿಗೆ?" ಎಂದ. "ಇದು ಎಲ್ಲಿಗೆ ಹೋಗ್ತದೋ ಅಲ್ಲಿಗೇ ಕೊಡಪ್ಪ" ಅಂದಳು. ಆಗ ನನಗೆ ಅರ್ಥವಾಯಿತು. ಹೆಂಗಸರಿಗೆ ಬಸ್ಸು ಫ್ರೀ. ಕಿಟಕಿ ಇದೆ, ಗಾಳಿ ಇದೆ, ಮೆತ್ತನೆಯ ಸೀಟಿದೆ, ಪಕ್ಕದಲ್ಲಿ ಮಾತಾಡಲು ದಿನಕ್ಕೊಬ್ಬರು ಹೊಸಬರು. ಬೆಳಿಗ್ಗೆ ಯಲಹಂಕ, ಊಟವಾದ ಮೇಲೆ ಸಾಸಲು, ಮನಸ್ಸು ಬಂದ ದಿನ ಮಾಕಳಿದುರ್ಗದ ಬೆಟ್ಟ ದೂರದಿಂದ ನೋಡಿಕೊಂಡು ವಾಪಸ್ಸು. ಎಲ್ಲೂ ಇಳಿಯುವುದಿಲ್ಲ. ಮಗ್ಗ ನಿಲ್ಲುವ ಹೊತ್ತಿಗೆ ಮನೆ.

"ಮನೇಲಿ ಏನಂತ ಹೇಳ್ತೀಯ?" ಎಂದು ಕೇಳಿದೆ.

"ದೇವಸ್ಥಾನಕ್ಕೆ ಅಂತೀನಿ. ಸುಳ್ಳಲ್ಲ ಬಿಡು, ಕಿಟಕಿಯಿಂದ ಎಷ್ಟು ಗುಡಿ ಕಾಣ್ತವೆ, ಎಲ್ಲದಕ್ಕೂ ಕೈ ಮುಗೀತೀನಿ."

ಅಂದಿನಿಂದ ನಾನೂ ಅವಳ ಜೊತೆ ಬಸ್ಸು ಹತ್ತತೊಡಗಿದೆ. ಮನೆಯಲ್ಲಿ ಕೂರಲು ಜಾಗವಿಲ್ಲವೆಂದಲ್ಲ. ವೃದ್ಧರ ಪರಿಸ್ಥಿತಿಯನ್ನು ಹತ್ತಿರದಿಂದ ಅಧ್ಯಯನ ಮಾಡೋಣವೆಂದು. ಅಧ್ಯಯನ ಸುಮಾರು ತಿಂಗಳು ನಡೆಯಿತು. ಸಾಸಲು ದಾರಿಯ ಕಡೆ ಯಾವ ಹೊಲದಲ್ಲಿ ರಾಗಿ ತೆನೆ ಕಟ್ಟಿದೆ, ಯಾವ ಹೊಲಕ್ಕೆ ಸೈಟಿನ ಕಲ್ಲು ನೆಟ್ಟಿದ್ದಾರೆ ಎಂದು ಬಾಯಿಪಾಠವಾಯಿತು.

ಆಮೇಲೆ ನನ್ನೊಳಗಿನ ಟೀಚರ್ ಎದ್ದಳು. ನಮ್ಮ ವಾರ್ಡಿನಲ್ಲಿ ನಗರಸಭೆಯ ಸಮುದಾಯ ಭವನವೊಂದಿದೆ. ಮದುವೆ, ನಾಮಕರಣಕ್ಕೆ ಬಿಟ್ಟರೆ ಬೀಗ. ಹಗಲು ಹೊತ್ತು ಅದನ್ನು ತೆಗೆದರಾಗದೇ? ಎರಡು ಫ್ಯಾನು, ಹಿಡಿದುಕೊಳ್ಳಲು ಕಂಬಿಯಿರುವ ಒಂದು ಕಕ್ಕಸು, ಗುಡಿಸಿ ಒಂದು ಲೋಟ ಟೀ ಕಾಸಿಕೊಡಲು ಒಬ್ಬ ಹೆಂಗಸು, ಆಗಾಗ ಬಂದು ಬಿಪಿ ನೋಡಲು ಒಬ್ಬ ನರ್ಸು. ಇಷ್ಟಕ್ಕೆ ಪ್ರತಿ ವರ್ಷ ಬಜೆಟ್ಟಿನಲ್ಲಿ ಒಂದಿಷ್ಟು ಹಣ ಎತ್ತಿಟ್ಟರೆ ಸಾಕು. ಆರು ವರ್ಷದ ಕೆಳಗಿನವರು ಹಗಲು ಹೊತ್ತು ಎಲ್ಲಿರಬೇಕೆಂದು ಸರ್ಕಾರ ತಲೆ ಕೆಡಿಸಿಕೊಂಡಿದೆ. ಅವರಿಗೆ ಚಾಪೆ ಕೊಟ್ಟಿದೆ, ಮೊಟ್ಟೆ ಕೊಟ್ಟಿದೆ, ಟೀಚರನ್ನು ಕೊಟ್ಟಿದೆ. ಅರವತ್ತು ದಾಟಿದವರು ಎಲ್ಲಿರಬೇಕು? ನನ್ನನ್ನು ಕೇಳಿದರೆ ಎರಡು ವಯಸ್ಸಿಗೂ ಹೆಚ್ಚು ವ್ಯತ್ಯಾಸವಿಲ್ಲ. ಇಬ್ಬರಿಗೂ ಹಲ್ಲಿರುವುದಿಲ್ಲ, ಇಬ್ಬರೂ ಊಟವಾದೊಡನೆ ತೂಕಡಿಸುತ್ತಾರೆ, ಇಬ್ಬರೂ ಪಕ್ಕದವನು ಮುಟ್ಟಿದನೆಂದು ದೂರು ಹೇಳುತ್ತಾರೆ. ಚಿಕ್ಕವರನ್ನು ಸಂಜೆ ಕರೆದೊಯ್ಯಲು ಯಾರಾದರೂ ಬರುತ್ತಾರೆ ಎನ್ನುವುದೊಂದೇ ವ್ಯತ್ಯಾಸ.

ವಾರ್ಡಿನ ಮೆಂಬರು ಕುಮಾರ. ನನ್ನ ಅಂಗನವಾಡಿಯಲ್ಲಿ ದಿನಾ ಚಡ್ಡಿ ಒದ್ದೆ ಮಾಡಿಕೊಂಡು ಅಳುತ್ತಿದ್ದವನು, ಈಗ ಬಿಳಿ ಷರಟು, ಬಿಳಿ ಕಾರು. ನನ್ನನ್ನು ಕಂಡರೆ ಇವತ್ತಿಗೂ ಎದ್ದು ನಿಲ್ಲುತ್ತಾನೆ, ಬಹುಶಃ ಹಳೆಯದೇನಾದರೂ ಹೇಳಿಬಿಟ್ಟೇನೆಂಬ ಭಯ. ಎಲ್ಲವನ್ನೂ ಕೇಳಿಸಿಕೊಂಡು ಅಂದ: "ಟೀಚರೇ, ಐಡಿಯಾ ಚೆನ್ನಾಗೈತೆ. ಆದ್ರೆ ನಾನೊಬ್ನೇ ಹೇಳಿದ್ರೆ ಆಗಲ್ಲ. ಬಜೆಟ್‌ಗೆ ಮುಂಚೆ ಜನರನ್ನ ಕರೆದು ಒಂದು ಸಭೆ ಮಾಡ್ತಾರೆ. ಅಲ್ಲಿಗೆ ಅಜ್ಜಿ ತಾತಂದಿರನ್ನ ಕರ್ಕೊಂಡ್ ಬನ್ನಿ. ನಮಗೆ ಬೇಕು ಅಂತ ಅವರ ಬಾಯಲ್ಲೇ ಬರ್ಲಿ, ಮಿಕ್ಕಿದ್ದು ನಾನು ನೋಡ್ಕೋತೀನಿ."

ಇದಕ್ಕಿಂತ ಸುಲಭ ಏನಿದೆ ಅಂದುಕೊಂಡೆ. ನಮ್ಮವರ ಬಾಯಿಗೇನು ಬರವೇ. ಬಸ್ ಸ್ಟ್ಯಾಂಡಿನ ಬೆಂಚುಗಳನ್ನು ಖಾಲಿ ಮಾಡಿಸಿ, ಬಸ್ಸಿನ ಕಿಟಕಿಗಳನ್ನು ಖಾಲಿ ಮಾಡಿಸಿ, ಒಂದು ಆಟೋ ಸಾಲದೆ ಎರಡರಲ್ಲಿ ತುಂಬಿಕೊಂಡು ಸಭೆಗೆ ಹೋದೆ. ಚೌಡಕ್ಕ ರೇಷ್ಮೆ ಸೀರೆ ಉಟ್ಟಿದ್ದಳು, ತಾನೇ ಹಿಂದೆ ನೇಯ್ದದ್ದು. ನನ್ನ ಭಾಷಣ ಚೆನ್ನಾಗಿಯೇ ಆಯಿತು. ಸಮುದಾಯ ಭವನ, ಫ್ಯಾನು, ಕಕ್ಕಸು, ಎಲ್ಲ ಬಂತು. ಚಪ್ಪಾಳೆಯೂ ಬಿತ್ತು. ವೇದಿಕೆಯ ಮೇಲಿದ್ದ ಅಧಿಕಾರಿ ಸಂಭಾವಿತ ಮನುಷ್ಯ. ಮೈಕು ಹಿಡಿದು ಎದ್ದು ಬಂದು ಚೌಡಕ್ಕನ ಎದುರು ಬಗ್ಗಿ, ಪ್ರೀತಿಯಿಂದಲೇ ಕೇಳಿದರು: "ಹೇಳಿ ಅಜ್ಜಿ, ನಿಮಗೆ ಮನೇಲಿ ಕೂತ್ಕೊಳ್ಳೋಕೆ ಜಾಗ ಇಲ್ವಾ?"

ಚೌಡಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕಣ್ಣು ಹಿಂದಿನ ಸಾಲಿಗೆ ಹೋಯಿತು. ಅಲ್ಲಿ ಅವಳ ಬೀಗಿತ್ತಿ, ಪುಷ್ಪಳ ತಾಯಿ, ತಮ್ಮ ಬೀದಿಯ ಚರಂಡಿ ವಿಷಯ ಹೇಳಲು ಬಂದು ಕೂತಿದ್ದಳು. ನಮ್ಮ ಊರೇ ಹಾಗೆ, ಯಾವ ಸಭೆಗೆ ಹೋದರೂ ಅರ್ಧ ಜನ ನೆಂಟರು, ಮಿಕ್ಕರ್ಧ ಜನ ಆಗಬೇಕಾದ ನೆಂಟರು. ಚೌಡಕ್ಕ ಸೆರಗು ಸರಿಮಾಡಿಕೊಂಡು, ಮಗ್ಗದ ಸದ್ದನ್ನೂ ಮೀರುವ ಗಂಟಲಲ್ಲಿ, ಅದೂ ಮೈಕಿನಲ್ಲಿ, "ಅಯ್ಯೋ ಯಾಕಿಲ್ಲ ಸ್ವಾಮಿ, ನಮ್ಮನೇಲಿ ಏನು ಕಮ್ಮಿ? ನನ್ನ ಸೊಸೆ ದೇವರಂಥೋಳು. ನನ್ನ ಕೂತಲ್ಲಿಂದ ಏಳೋಕೇ ಬಿಡಲ್ಲ" ಎಂದಳು.

ಮೈಕು ಪಕ್ಕದ ಹನುಮಂತಪ್ಪನವರ ಕೈಗೆ ಹೋಯಿತು. ಇವರು ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಎಷ್ಟು ವರ್ಷದಿಂದ ಇದ್ದಾರೆಂದರೆ, ಹೊಸ ಡ್ರೈವರುಗಳು ಇವರನ್ನು ಕೇಳಿ ಪ್ಲಾಟ್‌ಫಾರಂ ತಿಳಿದುಕೊಳ್ಳುತ್ತಾರೆ. ಅವರು ಎದೆ ಸೆಟೆದು, "ನಮ್ದು ಮೂರಂಕಣದ ಮನೆ ಸಾರ್. ಬೀದಿ ನಾಯಿ ಹಾವಳಿ ಒಂದು ಕಮ್ಮಿ ಮಾಡ್ಸಿ ಸಾಕು" ಎಂದರು. ಅಲ್ಲಿಂದ ಮೈಕು ಹೋದಲ್ಲೆಲ್ಲ ಅದೇ ಕಥೆ. ಒಬ್ಬರ ಮಗ ಬಂಗಾರ, ಒಬ್ಬರ ಸೊಸೆ ಮಹಾಲಕ್ಷ್ಮಿ, ಇನ್ನೊಬ್ಬರಿಗೆ ಮನೆಯಲ್ಲಿ ಸೋಫಾವೇ ಇದೆ. ಇಷ್ಟು ಸುಖವಾದ ಮುದುಕರು ಒಂದೇ ಊರಿನಲ್ಲಿ ಇರುವುದನ್ನು ಕಂಡು ಅಧಿಕಾರಿಗೂ ಸಂತೋಷವಾದಂತಿತ್ತು. ಕೊನೆಗೆ ನನ್ನ ಕಡೆ ತಿರುಗಿ ನಗುತ್ತಾ ಕೇಳಿದರು: "ಹಾಗಾದ್ರೆ ಯಾರಿಗೆ ಬೇಕು ಮೇಡಂ? ನಿಮಗಾ?"

ಮೊದಲನೇ ಸಾಲಿನಲ್ಲಿ ಶ್ವೇತಳ ಪಾರ್ಲರಿಗೆ ಬರುವ ಇಬ್ಬರು ಹೆಂಗಸರಿದ್ದರು. ಇಬ್ಬರ ತೀಡಿದ ಹುಬ್ಬೂ ಒಟ್ಟಿಗೆ ಮೇಲೇರಿದವು.

"ಛೆ ಛೆ, ನನಗಲ್ಲ ಸರ್" ಅಂದೆ. "ನಮ್ಮನೇಲಿ ಏನು ಕಮ್ಮಿ? ನಾನು ಸಮಾಜಕ್ಕೋಸ್ಕರ ಕೇಳಿದ್ದು."

ಸಭೆ ಚರಂಡಿಯ ವಿಷಯಕ್ಕೆ ಹೋಯಿತು. ಹೊರಗೆ ಬಂದ ಮೇಲೆ ಕುಮಾರ ತಲೆ ಕೆರೆದುಕೊಂಡು, "ಬೇಡ ಅನ್ನೋರಿಗೆ ದುಡ್ಡು ಎತ್ತಿಡಿ ಅಂತ ನಾನು ಹೆಂಗೆ ಕೇಳ್ಲಿ ಟೀಚರೇ?" ಅಂದ. ನನಗೆ ಚೌಡಕ್ಕನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆಟೋದಲ್ಲಿಯೇ ಹರಿಹಾಯ್ದೆ. ಅವಳು ಮನೆ ಹತ್ತಿರ ಬಂದಾಗ ಅಂದಳು: "ನನ್ನ ಸೊಸೆ ಏನು ತಪ್ಪು ಮಾಡಿದಾಳೆ ಅಂತ ಅವಳ ತಾಯಿ ಮುಂದೆ ಮರ್ಯಾದೆ ಕಳೀಲಿ? ಮಗ್ಗ ಇರೋ ಜಾಗದಲ್ಲಿ ನನ್ನ ಇಟ್ಕೊಂಡ್ರೆ ಆ ಮಕ್ಕಳು ಏನ್ ತಿಂತವೆ? ಆ ಸಾಹೇಬ್ರು ಮನೇಲಿ ಜಾಗ ಇಲ್ವಾ ಅಂದ್ರು ಕಣೇ. ಹಂಗ್ ಕೇಳಿದ್ರೆ ಯಾವ ತಾಯಿ ಇಲ್ಲ ಅಂತಾಳೆ?" ಮಾರನೆಯ ದಿನ ಇಬ್ಬರೂ ಸಾಸಲು ಬಸ್ಸು ಹತ್ತಿದೆವು.

ಕೆಲವು ತಿಂಗಳ ಮೇಲೆ, ನನಗೆ ಜ್ವರವಿದ್ದು ಹೋಗದ ಒಂದು ದಿನ, ಸಾಸಲಿನಲ್ಲಿ ಚೌಡಕ್ಕ ನೀರು ಕುಡಿದು ಬರೋಣವೆಂದು ಬಸ್ಸಿನಿಂದ ಇಳಿದಿದ್ದಾಳೆ. ಕಾಲು ಮಡಚಿಕೊಂಡು ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಗೆ ನಾನು ಹೋದಾಗ ಮಂಜ ಬಾಗಿಲಲ್ಲಿ ನಿಂತು ಅಳುತ್ತಿದ್ದ. "ಸಾಸಲಲ್ಲಿ ನಮಗೆ ಯಾರೂ ಇಲ್ವಲ್ಲ ಟೀಚರೇ, ಅಮ್ಮ ಅಲ್ಲಿಗೆ ಯಾಕೆ ಹೋಗಿದ್ದು?" ಎಂದು ಕೇಳಿದ. ಮಂಚದ ಮೇಲಿನಿಂದ ಚೌಡಕ್ಕ ನನ್ನನ್ನೇ ನೋಡುತ್ತಿದ್ದಳು. "ಏನೋ ಹರಕೆ ಇತ್ತಂತಪ್ಪ" ಅಂದೆ. ಅವಳು ಕಣ್ಣು ಮುಚ್ಚಿಕೊಂಡಳು. ಅಷ್ಟು ಹೊತ್ತಿಗೆ ನನಗೂ ಅಳು ತಡೆಯಲಾಗಲಿಲ್ಲ.

ಮನೆಗೆ ಕರೆತಂದ ಮೇಲೆ ಮಂಚ ಹಾಕಲು ಜಾಗ ಬೇಕಾಯಿತಲ್ಲ. ಮಂಜ ಎರಡು ಮಗ್ಗದಲ್ಲಿ ಒಂದನ್ನು ಬಿಚ್ಚಿ ಗುಜರಿಗೆ ಹಾಕಿದ. ಅದು ನಿಂತಿದ್ದ ಜಾಗದಲ್ಲಿ ಮಂಚ ಬಂತು. ಅಳತೆ ಸರಿಯಾಗಿ ಆರಡಿ ಮೂರಡಿಯೇ ಇದ್ದಿರಬೇಕು. ಪುಷ್ಪ ಮಗ್ಗ ನಿಲ್ಲಿಸಿ ಬಂದು ಅತ್ತೆಯನ್ನು ಮಗ್ಗುಲು ತಿರುಗಿಸುತ್ತಿದ್ದಳು, ಮತ್ತೆ ಹೋಗಿ ನೇಯುತ್ತಿದ್ದಳು. ಮೈಕಿನಲ್ಲಿ ಚೌಡಕ್ಕ ಹೇಳಿದ್ದು ಒಂದಕ್ಷರವೂ ಸುಳ್ಳಾಗಿರಲಿಲ್ಲ. ಅವಳ ಸೊಸೆ ದೇವರಂಥವಳೇ, ಚೌಡಕ್ಕ ಈಗ ಕೂತಲ್ಲಿಂದ ಏಳುವಂತೆಯೂ ಇರಲಿಲ್ಲ. ನಾನು ದಿನಾ ಹೋಗಿ ಅವಳ ಮಂಚದ ತುದಿಯಲ್ಲಿ ಕೂರುತ್ತಿದ್ದೆ. ನಿಜ ಹೇಳಬೇಕೆಂದರೆ ಆ ತಿಂಗಳುಗಳಲ್ಲಿ ನನಗೂ ಒಂದು ಜಾಗ ಸಿಕ್ಕಿತ್ತು.

ಒಂದು ದಿನ ಮಗ್ಗದ ಸದ್ದಿನೊಳಗೆ ಅವಳು ನನ್ನ ಕಿವಿ ಹತ್ತಿರಕ್ಕೆ ಎಳೆದುಕೊಂಡು ಕೂಗಿದಳು: "ಒಂದು ಮಗ್ಗ ತಿಂದ್ಬಿಟ್ಟೆ ಕಣೇ ಸರೋಜ. ಅವತ್ತು ಸಭೇಲಿ ಹೂಂ ಅಂದಿದ್ರೆ ಆಗ್ತಿತ್ತು." ನಾನು ಸಮಾಧಾನ ಮಾಡಲು ಹೋದೆ. ಅವಳು ಕೇಳಲಿಲ್ಲ. "ಮತ್ತೆ ಸಭೆ ಕರೀತಾರಲ್ಲ, ಆಗ ನನ್ನ ಹೆಸರು ಎತ್ಬೇಡ. ನನ್ನ ಮಗ ಸೊಸೆಗೆ ಕೆಟ್ಟ ಹೆಸರು ಬರೋದು ಬೇಡ. ನೀನು ನಿಂದು ಹೇಳು. ನಂಗೆ ಬೇಕು ಅನ್ನು. ನಿಂಗೂ ಇಲ್ವಲ್ಲ ಜಾಗ, ನಂಗೆ ಗೊತ್ತಿಲ್ವಾ?" ಎಂದಳು. ಕೂಗಿ ಕೂಗಿ ಸುಸ್ತಾಗಿ ದಿಂಬಿಗೆ ಒರಗಿದಳು. ಅವತ್ತು ಕರೆಂಟು ಹೋಗಲಿಲ್ಲ, ಪುಣ್ಯ. ನಾನು ಹೂಂ ಅಂದೆ.

ಕಾರ್ತಿಕ ಮುಗಿಯುವುದಕ್ಕೆ ಮುಂಚೆ ಚೌಡಕ್ಕ ಹೋದಳು. ಮಂಚ ತೆಗೆದ ಜಾಗ ಹಾಗೇ ಇದೆ, ಇನ್ನೊಂದು ಮಗ್ಗ ತರಲು ಮಂಜನ ಕೈಯಲ್ಲಾಗಿಲ್ಲ. ಈಗ ಆ ಹಜಾರದಲ್ಲಿ ಒಬ್ಬರು ಕಾಲು ನೀಡಿ ಕೂರಬಹುದು. ನನಗೆ ಆ ಕಡೆ ಹೋಗಲು ಮನಸ್ಸಾಗುವುದಿಲ್ಲ. ಬಸ್ಸಿನಲ್ಲಿ ಕಂಡಕ್ಟರು, "ಎಲ್ಲಿ ನಿಮ್ಮ ಜೋಡಿ?" ಎಂದು ಕೇಳಿದ. "ಇಲ್ಲೇ" ಅಂದೆ. ಯಾಕೆ ಹಾಗಂದೆನೋ ಗೊತ್ತಿಲ್ಲ.

ಮುಂದಿನ ಸೋಮವಾರ ಮತ್ತೆ ಬಜೆಟ್ಟಿನ ಸಭೆ. ಕುಮಾರ ಫೋನು ಮಾಡಿ, "ಟೀಚರೇ, ಈ ಸಲ ಒಬ್ರಾದ್ರೂ ಬೇಕು ಅನ್ಲಿ, ಒಬ್ರೇ ಸಾಕು" ಎಂದಿದ್ದಾನೆ. ಆ ಒಬ್ಬಳು ಯಾರೆಂದು ನನಗೆ ಗೊತ್ತು. ಅದಕ್ಕೇ ನಿನ್ನೆ ಮಧ್ಯಾಹ್ನ ಪಾರ್ಲರಿನಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ, ಶ್ವೇತ ಒಳಗೆ ಊಟ ಮಾಡುತ್ತಿದ್ದಾಗ, ಆ ದೊಡ್ಡ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸಿದವಳಿಗೆ ಇದೊಂದು ವಾಕ್ಯ ಯಾವ ಲೆಕ್ಕ. ಮೊದಲ ಸಲ ಗಂಟಲಿನಿಂದ ಗಾಳಿ ಮಾತ್ರ ಬಂತು. ಎರಡನೇ ಸಲ "ನನಗೆ" ಎಂಬಲ್ಲಿಗೆ ನಿಂತಿತು. ಪಕ್ಕದ ಮನೆಯ ಮಗ್ಗಗಳು ಓಡುತ್ತಿದ್ದವು, ಯಾರಿಗೆ ಕೇಳುತ್ತದೆ ಎಂದು ಧೈರ್ಯ ಮಾಡಿ, ಕಣ್ಣು ಮುಚ್ಚಿಕೊಂಡು ಕೂಗಿಯೇಬಿಟ್ಟೆ: "ನನಗೆ ಕೂರೋಕೆ ಒಂದು ಜಾಗ ಬೇಕು."

ಕರೆಂಟು ಹೋಗಿತ್ತು. ಬೀದಿಯ ಮಗ್ಗಗಳೆಲ್ಲ ನಿಂತಿದ್ದವು. ನನ್ನ ಮಾತು ಎಲ್ಲಿಯವರೆಗೆ ಹೋಯಿತೋ ದೇವರೇ ಬಲ್ಲ. ಕಣ್ಣು ಬಿಟ್ಟರೆ ಕನ್ನಡಿಯಲ್ಲಿ ನನ್ನ ಹಿಂದೆ ಶ್ವೇತ ನಿಂತಿದ್ದಳು, ಕೈಯಲ್ಲಿ ಎಂಜಲು ತಟ್ಟೆ.

"ಯಾರಿಗೆ ಜಾಗ ಅತ್ತೆ?" ಎಂದಳು.

"ಚೌಡಕ್ಕನಿಗೆ ಕಣಮ್ಮ" ಅಂದೆ. "ನನಗೇನು ಕಮ್ಮಿ?"

ಶ್ವೇತ ತಟ್ಟೆಯನ್ನು ಕೆಳಗಿಟ್ಟು, ಗಿರಾಕಿಗಳು ಕೂರುವ ತಿರುಗುವ ಕುರ್ಚಿಯ ಮೇಲಿನ ಟವೆಲನ್ನು ಕೊಡವಿ ತೆಗೆದು ನನ್ನ ಕಡೆ ತಿರುಗಿಸಿದಳು. "ಕೂತ್ಕೊಳ್ಳಿ ಅತ್ತೆ. ಕರೆಂಟ್ ಬರೋವರ್ಗೂ ಯಾರೂ ಬರಲ್ಲ" ಎಂದಳು.

ಕೂತೆ. ಕುರ್ಚಿ ಮೆತ್ತಗಿತ್ತು, ಬಸ್ಸಿನ ಸೀಟಿಗಿಂತ ಚೆನ್ನಾಗಿತ್ತು. ಸೋಮವಾರ ಬಾಯಿ ಬಿಡಲೇಬೇಕು ಎಂದು ಕನ್ನಡಿಯಲ್ಲಿದ್ದ ಮುದುಕಿಗೆ ಹೇಳುತ್ತಿರುವಾಗಲೇ ಪಕ್ಕದ ಮನೆಯ ಮಗ್ಗ ಶುರುವಾಯಿತು. ಶ್ವೇತ ಏನೂ ಹೇಳಲಿಲ್ಲ. ನಾನೇ ಎದ್ದೆ.